ಹೋದವರ ಲೆಕ್ಕ

"ಅಷ್ಟು ವರ್ಷದ ಹಿಂದೆ ಮನೆ ಬಿಟ್ಟು ಹೋದವನು ಎಲ್ಲಿಗೆ ಹೋದನೆಂದು ಈಗ ಹುಡುಕಿ ಏನಾಗಬೇಕಾಗಿದೆ?" ಎಂದು ನನ್ನಾಕೆ ಕೇಳಿದಳು. ಪ್ರಶ್ನೆ ನ್ಯಾಯವಾದದ್ದೇ. ಹೋದವನು ನಮ್ಮವನಲ್ಲ; ನಮ್ಮ ದೇಶದವನೂ ಅಲ್ಲ. ಅವನು ಹೋದದ್ದು 1854ರಲ್ಲಿ. ಆದರೂ ಅವನನ್ನು ಹುಡುಕುವ ಕೆಲಸದಲ್ಲಿ ನನ್ನ ಲಂಡನ್ ವಾಸದ ಆರು ವಾರಗಳು ಕಳೆದವು. ಆ ಸಂಗತಿಯನ್ನು ಈ ವಾರ ವಾಚಕರಿಗೆ ಒಪ್ಪಿಸುತ್ತಿದ್ದೇನೆ.

ಕೆಲವು ವರ್ಷಗಳ ಹಿಂದೆ ನಾವಿಬ್ಬರೂ ಲಂಡನ್ನಿನಲ್ಲಿ ಮಗಳ ಮನೆಯಲ್ಲಿದ್ದೆವು. ಮಗಳೂ ಅಳಿಯನೂ ಬೆಳಗ್ಗೆ ಎಂಟಕ್ಕೆ ಹೊರಟರೆ ಮರಳುವುದು ದೀಪ ಹಚ್ಚಿದ ಮೇಲೆ. ಆ ದೀರ್ಘವಾದ ಹಗಲುಗಳಲ್ಲಿ ನಮಗೆ ಜೊತೆಯಾದವರು ಪಕ್ಕದ ಮನೆಯ ವೃದ್ಧರು. ಎಂಬತ್ತು ದಾಟಿದವರು, ಒಂಟಿ, ಶಾಲೆಯ ಉಪಾಧ್ಯಾಯರಾಗಿ ನಿವೃತ್ತರಾದವರು. ಬೇಲಿಯ ಮೇಲಿಂದ ನನ್ನಾಕೆ ನೀಡಿದ ಕೋಡುಬಳೆಯಿಂದ ಆರಂಭವಾದ ಸ್ನೇಹ, ಸಂಜೆಯ ಚಹಾದವರೆಗೆ ಬೆಳೆದಿತ್ತು. ತಮ್ಮ ಹೆಸರನ್ನು ಬರೆಯಬಾರದೆಂದು ಅವರು ಕೇಳಿಕೊಂಡಿದ್ದಾರೆ. ಆದುದರಿಂದ ಇಲ್ಲಿ ಅವರು ವೃದ್ಧರೆಂದೇ ಇರಲಿ.

ಒಂದು ಸಂಜೆ ಅವರು ಮೇಜಿನ ಮೇಲೆ ಒಂದು ಪದಕವನ್ನು ಇಟ್ಟರು. ಬೆಳ್ಳಿಯದು. ಒಂದು ಮುಖದಲ್ಲಿ ವಿಕ್ಟೋರಿಯಾ ರಾಣಿ. ಇನ್ನೊಂದರಲ್ಲಿ ತ್ರಿಶೂಲ ಹಿಡಿದು ಕುಳಿತ ಬ್ರಿಟಾನಿಯಾ, ಅವಳ ಹಿಂದೆ ಕೋಟೆಗಳು, ಮೇಲೆ 'ಬಾಲ್ಟಿಕ್' ಎಂಬ ಮಾತು, ಕೆಳಗೆ 1854-1855 ಎಂಬ ಇಸವಿ. ಕ್ರಿಮಿಯಾ ಯುದ್ಧದ ಕಾಲದಲ್ಲಿ ರಷ್ಯದ ಮೇಲೆ ಉತ್ತರದ ಬಾಲ್ಟಿಕ್ ಸಮುದ್ರಕ್ಕೆ ಹೋದ ಹಡಗುಪಡೆಯವರಿಗೆ ಕೊಟ್ಟ ಪದಕ ಅದು. ನಾನು ಅಂಚನ್ನು ತಿರುಗಿಸಿ ನೋಡಿದೆ. ಹೆಸರಿರಲಿಲ್ಲ. ಈ ಪದಕಗಳನ್ನು ನಾವಿಕರಿಗೆ ಹೆಸರು ಕೆತ್ತದೆಯೇ ಹಂಚಿದರಂತೆ.

"ಇದು ನನ್ನ ಅಜ್ಜಿಯ ಹೊಲಿಗೆ ಪೆಟ್ಟಿಗೆಯಲ್ಲಿತ್ತು. ಅಜ್ಜಿಯ ಅಜ್ಜನದೆಂದು ನಾನು ಹೇಳುತ್ತಿದ್ದೆ. ಓಡಿಹೋದವನಿಗೆ ಪದಕ ಯಾರು ಕೊಡುತ್ತಾರೆ, ಎಲ್ಲಿಯೋ ಹಳೆಯ ಸಾಮಾನಿನ ಅಂಗಡಿಯಲ್ಲಿ ಕೊಂಡದ್ದಿರಬೇಕು ಎಂದು ನನ್ನ ತಾಯಿ ಹೇಳುತ್ತಿದ್ದಳು," ಎಂದರು ವೃದ್ಧರು.

ಮನೆತನದಲ್ಲಿ ನಡೆದುಬಂದಿದ್ದ ಕಥೆ ಇಷ್ಟೆ. ಅಜ್ಜಿಯ ಅಜ್ಜ ಕೋಸ್ಟ್ ಗಾರ್ಡಿನಲ್ಲಿದ್ದ. ಸಸೆಕ್ಸ್ ಪ್ರಾಂತದ ಕಡಲತಡಿಯಲ್ಲಿ ಸರಕಾರ ಕೊಟ್ಟ ಮನೆ. ಹೆಂಡತಿ, ಮೂವರು ಮಕ್ಕಳು. ಹಿರಿಯ ಹುಡುಗಿಗೆ ಎಂಟು ವರ್ಷ. ಒಂದು ದಿನ ಅವಳು ಬೆಳಗ್ಗೆ ಎದ್ದು ನೋಡಿದಾಗ ಅಪ್ಪ ಇರಲಿಲ್ಲ. ಹೋದವನು ಬರಲೇ ಇಲ್ಲ. ಆ ಹುಡುಗಿ ಬೆಳೆದು ತನ್ನ ಮಗಳಿಗೆ ಇದನ್ನು ಹೇಳಿದಳು. ಆ ಮಗಳು ಈ ವೃದ್ಧರ ಅಜ್ಜಿ.

ಇಷ್ಟರಲ್ಲಿಯೇ ಮುಗಿದಿದ್ದರೆ ಅದು ಹಳೆಯ ಕಥೆಯಾಗಿ ಉಳಿಯುತ್ತಿತ್ತು. ಹಾಗಾಗಲಿಲ್ಲ. ವೃದ್ಧರಿಗೆ ಒಬ್ಬ ತಮ್ಮನಿದ್ದ. ಇಪ್ಪತ್ತನೆಯ ವಯಸ್ಸಿನಲ್ಲಿ ತಂದೆಯೊಡನೆ ಜಗಳವಾಡಿ ಮನೆ ಬಿಟ್ಟು ಕೆನಡಾಕ್ಕೆ ಹೋದ. "ಅದು ಆ ಓಡಿಹೋದವನ ರಕ್ತ, ಎಲ್ಲಿಗೆ ಹೋದೀತು?" ಎಂದು ತಾಯಿ ಹೇಳಿದಳು. ಆ ಮಾತು ತಮ್ಮನ ಕಿವಿಗೂ ಬಿದ್ದಿತು. ತಾಯಿಯ ಶವಸಂಸ್ಕಾರಕ್ಕೂ ಅವನು ಬರಲಿಲ್ಲ. ಅಣ್ಣತಮ್ಮಂದಿರ ನಡುವೆ ಮಾತು ನಿಂತು ಇಪ್ಪತ್ತು ವರ್ಷದ ಮೇಲಾಗಿತ್ತು.

"ಆತ ನಿಜವಾಗಿಯೂ ಓಡಿಹೋದನೇ ಎಂದು ನನಗೆ ಗೊತ್ತಾಗಬೇಕು. ಆದರೆ ನನ್ನ ಕಣ್ಣು ಮಂಜಾಗಿದೆ. ನೀವು ಲೆಕ್ಕಪತ್ರದ ಕಚೇರಿಯಲ್ಲಿ ಇದ್ದವರಂತೆ, ಹಳೆಯ ಕೈಬರಹ ಓದಬಲ್ಲಿರಾ?" ಎಂದು ಕೇಳಿದರು. ಮೂವತ್ತೈದು ವರ್ಷ ಪರರ ಲೆಕ್ಕದ ಪುಸ್ತಕಗಳಲ್ಲಿ ತಪ್ಪು ಹುಡುಕಿದವನು ನಾನು. ಒಪ್ಪಿಕೊಂಡೆ.

ಕೋಸ್ಟ್ ಗಾರ್ಡ್ ಎಂದೊಡನೆ ನಮಗೆ ನೆನಪಾಗುವುದು 1978ರ ಶಾಸನದಿಂದ ರೂಪುಗೊಂಡ ನಮ್ಮ ಕರಾವಳಿಯ ಕಾವಲು ಪಡೆ. ಇಂಗ್ಲೆಂಡಿನದು ಅದಕ್ಕಿಂತ ಒಂದೂವರೆ ಶತಮಾನ ಹಳೆಯದು. ಅದು ಹುಟ್ಟಿದ್ದು ಕಳ್ಳಸಾಗಣೆಯನ್ನು ತಡೆಯುವುದಕ್ಕೆ. ಚಹಾ, ಬ್ರಾಂದಿ, ಹೊಗೆಸೊಪ್ಪುಗಳ ಮೇಲೆ ಸರಕಾರ ಭಾರಿ ಸುಂಕ ಹೇರಿದ್ದ ಕಾಲ; ರಾತ್ರಿಯ ವೇಳೆ ಸರಕನ್ನು ದಡಕ್ಕೆ ಇಳಿಸುವ ಕೆಲಸದಲ್ಲಿ ಕಡಲತಡಿಯ ಹಳ್ಳಿಗಳಿಗೆ ಹಳ್ಳಿಗಳೇ ಪಾಲುಗಾರರಾಗಿದ್ದವು. ಕಡಲಿನಲ್ಲಿ ಸುತ್ತುವ ಸುಂಕದ ಹಡಗುಗಳು, ಕುದುರೆಯೇರಿ ದಂಡೆ ಕಾಯುವ ಸವಾರರು, ದೋಣಿಗಳಲ್ಲಿ ಪಹರೆ ತಿರುಗುವವರು, ಹೀಗೆ ಬೇರೆ ಬೇರೆಯಾಗಿದ್ದ ಮೂರು ಕಾವಲುಗಳನ್ನು 1822ರಲ್ಲಿ ಒಂದುಗೂಡಿಸಿ ಈ ಪಡೆಯನ್ನು ಕಟ್ಟಿದರು. ನೌಕಾದಳದಲ್ಲಿ ದುಡಿದು ನುರಿತವರನ್ನೇ ಇದಕ್ಕೆ ಹೆಚ್ಚಾಗಿ ಆರಿಸುತ್ತಿದ್ದರು. ಹುಟ್ಟಿದ ಊರಿನ ಹತ್ತಿರ ಯಾರನ್ನೂ ನೇಮಿಸುತ್ತಿರಲಿಲ್ಲ. ಒಂದೇ ಕಡೆ ಬಹುಕಾಲ ಇರಗೊಡುತ್ತಲೂ ಇರಲಿಲ್ಲ. ಬಂಧುಬಳಗ, ನೆರೆಹೊರೆಯ ಸ್ನೇಹ ಬೆಳೆದರೆ ಕಳ್ಳಸರಕಿಗೆ ಕಣ್ಣು ಮುಚ್ಚಿಯಾರೆಂಬ ಭಯ. ಆದುದರಿಂದ ಈ ಕುಟುಂಬಗಳು ನಮ್ಮ ರೈಲ್ವೆ ನೌಕರರ ಸಂಸಾರಗಳಂತೆ ಗಂಟುಮೂಟೆ ಕಟ್ಟಿಕೊಂಡು ಊರಿನಿಂದ ಊರಿಗೆ ತಿರುಗಿದವು.

ಹುಡುಕಾಟ ಮನೆಯಲ್ಲಿದ್ದ ಒಂದು ಕಾಗದದಿಂದ ಆರಂಭವಾಯಿತು. ಆ ಎಂಟು ವರ್ಷದ ಹುಡುಗಿ ದೊಡ್ಡವಳಾಗಿ 1870ರಲ್ಲಿ ಮದುವೆಯಾದಾಗಿನ ಪತ್ರ. ಇಂಗ್ಲೆಂಡಿನಲ್ಲಿ 1837ರಿಂದ ವಿವಾಹಗಳನ್ನು ಸರಕಾರ ದಾಖಲು ಮಾಡುತ್ತ ಬಂದಿದೆ. ವಧೂವರರ ತಂದೆಯ ಹೆಸರಿಗೂ ಕಸುಬಿಗೂ ಅದರಲ್ಲಿ ಕಾಲಮುಗಳುಂಟು. ಇವಳ ತಂದೆಯ ಹೆಸರಿನ ಮುಂದೆ 'ಕೋಸ್ಟ್ ಗಾರ್ಡ್' ಎಂದಿತ್ತು. ತಂದೆ ತೀರಿಕೊಂಡಿದ್ದರೆ 'ಮೃತ' ಎಂದು ಸೇರಿಸುವ ರೂಢಿ ಹಲವು ಕಡೆ ಇತ್ತು. ಇಲ್ಲಿ ಅದಿಲ್ಲ. ಮನೆಯವರ ಸಂಶಯಕ್ಕೆ ಇದೂ ಒಂದು ಆಧಾರವಾಗಿತ್ತು.

ಮುಂದಿನದು 1851ರ ಜನಗಣತಿ. ಆ ವರ್ಷದ ಮಾರ್ಚ್ 30ರ ರಾತ್ರಿ ಯಾವ ಮನೆಯಲ್ಲಿ ಯಾರು ಮಲಗಿದ್ದರೆಂಬುದನ್ನು ವಯಸ್ಸು, ಕಸುಬು, ಹುಟ್ಟಿದ ಸ್ಥಳಗಳ ಸಮೇತ ಬರೆದಿಟ್ಟಿದ್ದಾರೆ. ಈಗ ಅದನ್ನು ಮನೆಯಲ್ಲಿಯೇ ಕುಳಿತು ಕಂಪ್ಯೂಟರಿನಲ್ಲಿ ನೋಡಬಹುದು. ಮಗಳು ಒಂದು ರಾತ್ರಿ ತೆಗೆದುಕೊಟ್ಟಳು. ಕೋಸ್ಟ್ ಗಾರ್ಡಿನ ಮನೆಗಳ ಸಾಲಿನಲ್ಲಿ ನಮ್ಮವನಿದ್ದ: ಬೋಟ್‌ಮನ್, ವಯಸ್ಸು ಮೂವತ್ತಾರು, ಹುಟ್ಟಿದ್ದು ಡೆವನ್ ಪ್ರಾಂತದಲ್ಲಿ. ಹಿರಿಯ ಹುಡುಗಿ ಹುಟ್ಟಿದ್ದು ಐರ್ಲೆಂಡಿನಲ್ಲಿ, ಕಿರಿಯರು ಸಸೆಕ್ಸಿನಲ್ಲಿ. ಮಕ್ಕಳ ಜನ್ಮಸ್ಥಳವೇ ತಂದೆಯ ವರ್ಗಾವಣೆಯ ಪಟ್ಟಿ! ಐರ್ಲೆಂಡಿನಲ್ಲಿ ಹುಡುಗಿಯ ನಾಮಕರಣದ ದಾಖಲೆ ಸಿಕ್ಕೀತೇ ಎಂದು ವಿಚಾರಿಸಿದೆವು. ಸಿಗಲಿಲ್ಲ. 1922ರ ಅಂತರ್ಯುದ್ಧದಲ್ಲಿ ಡಬ್ಲಿನ್ನಿನ ದಾಖಲೆಯ ಮನೆ ಸ್ಫೋಟದಿಂದಲೂ ಬೆಂಕಿಯಿಂದಲೂ ನಾಶವಾದಾಗ ಶತಮಾನಗಳ ಕಾಗದಪತ್ರಗಳ ಜೊತೆಗೆ ಎಷ್ಟೋ ಇಗರ್ಜಿಗಳ ಪುಸ್ತಕಗಳೂ ಬೂದಿಯಾಗಿ ಹೋದವು.

ಇನ್ನು ಉಳಿದದ್ದು ಕ್ಯೂ. ಲಂಡನ್ನಿನ ಪಶ್ಚಿಮದ ಈ ಬಡಾವಣೆ ಸಸ್ಯೋದ್ಯಾನಕ್ಕೆ ಪ್ರಸಿದ್ಧವಾದದ್ದು. ಬ್ರಿಟನ್ನಿನ ರಾಷ್ಟ್ರೀಯ ದಾಖಲೆಗಳ ಭಂಡಾರವೂ ಅಲ್ಲಿಯೇ ಇದೆ. ಗುರುತಿನ ಕಾಗದ ತೋರಿಸಿ ಓದುಗರ ಚೀಟಿ ಪಡೆದರೆ ಪರದೇಶದವನಾದ ನನಗೂ ಪ್ರವೇಶವುಂಟು. ಮೂಲ ಪುಸ್ತಕಗಳನ್ನು ನೋಡುವುದಕ್ಕೆ ಕಾಸಿಲ್ಲ. ಒಳಗೆ ಶಾಯಿಯ ಲೇಖನಿ ಒಯ್ಯುವಂತಿಲ್ಲ, ಸೀಸದಕಡ್ಡಿ ಮಾತ್ರ. ಹಳೆಯ ಪುಸ್ತಕವನ್ನು ಮೇಜಿನ ಮೇಲೆ ಹಾಗೆಯೇ ಬಿಚ್ಚುವಂತೆಯೂ ಇಲ್ಲ. ಬಾಣಂತಿ ಮಗುವನ್ನು ಮಲಗಿಸಿದಂತೆ ಮೆತ್ತೆಯ ಆಸರೆ ಕೊಟ್ಟು ಮಲಗಿಸಬೇಕು.

ಅಲ್ಲಿ ನಮಗೆ ಮೊದಲು ತಿಳಿದುಬಂದ ವಿಷಯ ನನಗೆ ಸೋಜಿಗವೆನಿಸಿತು. 1853ರವರೆಗೆ ಸಾಮಾನ್ಯ ನಾವಿಕನಿಗೆ ನೌಕಾದಳದಲ್ಲಿ ತನ್ನದೇ ಆದ ಕಡತವಿರಲಿಲ್ಲ. ಅವನು ಸೇರುತ್ತಿದ್ದದ್ದು ದಳಕ್ಕಲ್ಲ, ಒಂದು ಹಡಗಿಗೆ. ಆ ಹಡಗಿನ ಯಾತ್ರೆ ಮುಗಿದರೆ ಲೆಕ್ಕ ಚುಕ್ತ. ಬೇಕಾದರೆ ಮತ್ತೊಂದು ಹಡಗು. 1853ರಲ್ಲಿ ಕಾಯಂ ನೌಕರಿಯ ಪದ್ಧತಿ ಬಂದ ಮೇಲೆಯೇ ಒಬ್ಬೊಬ್ಬನಿಗೂ ಒಂದೊಂದು ಸಂಖ್ಯೆ, ಎತ್ತರ, ಕಣ್ಣಿನ ಬಣ್ಣ, ಹಚ್ಚೆಗಳ ವಿವರ ಎಲ್ಲವೂ ಬಂದದ್ದು. ಅದಕ್ಕೆ ಹಿಂದಿನವನನ್ನು ಹುಡುಕಬೇಕಾದರೆ ಹಡಗಿನ ಹೆಸರು ಗೊತ್ತಿರಬೇಕು. ಹಡಗಿನ ಹೆಸರೇ ಗೊತ್ತಿಲ್ಲದಿದ್ದರೆ?

ಅದಕ್ಕೆ ಉತ್ತರ ಕೊಟ್ಟದ್ದು ಕೋಸ್ಟ್ ಗಾರ್ಡಿನ ನೇಮಕದ ಪುಸ್ತಕಗಳು. ಎ. ಡಿ. ಎಂ. 175 ಎಂಬ ಗುರುತಿನಡಿಯಲ್ಲಿ ಅವು ಸಾಲುಸಾಲಾಗಿ ಇವೆ. ಎರಡು ವಾರ ಆ ಸಾಲುಗಳಲ್ಲಿ ಬೆರಳಾಡಿಸಿದೆವು. ಅದೇ ಹೆಸರಿನವರು ಮೂವರು ಸಿಕ್ಕಿದರು. ವಯಸ್ಸು, ಠಾಣ್ಯಗಳನ್ನು ತಾಳೆ ನೋಡಿ ಇಬ್ಬರನ್ನು ಬಿಟ್ಟೆವು. ಮೂರನೆಯವನು ನಮ್ಮವನೇ. 1843ರಲ್ಲಿ ನೇಮಕ, ಮೊದಲು ಐರ್ಲೆಂಡಿನ ತೀರ, 1848ರಲ್ಲಿ ಸಸೆಕ್ಸ್. 1854ರ ನಮೂದಿನಲ್ಲಿ ಅವನನ್ನು ಹಡಗುಪಡೆಗೆ ಕಳುಹಿಸಿದ ಒಕ್ಕಣೆಯೂ, ಹಡಗಿನ ಹೆಸರೂ ಇದ್ದವು.

ಅಲ್ಲಿಗೆ ಒಂದು ಗಂಟು ಬಿಚ್ಚಿತು. ಆ ವರ್ಷ ಬಾಲ್ಟಿಕ್ಕಿಗೆ ಹೊರಡಬೇಕಾಗಿದ್ದ ಅಡ್ಮಿರಲ್ ನೇಪಿಯರನ ಹಡಗುಗಳಿಗೆ ಜನ ಸಾಲದೆ ಕೋಸ್ಟ್ ಗಾರ್ಡಿನವರನ್ನು ಕರೆಸಿ ತುಂಬಿದ್ದರು. ನಾವಿಕನಾಗಿ ದುಡಿದು, ಈಗ ಹೆಂಡತಿ ಮಕ್ಕಳೊಡನೆ ದಡದಲ್ಲಿ ನೆಲೆಸಿದ್ದ ನಡುವಯಸ್ಸಿನವರು ಮತ್ತೆ ಹಡಗು ಹತ್ತಿದರು. ಪಡೆ ಸ್ಪಿಟ್‌ಹೆಡ್‌ನಿಂದ ಹೊರಟದ್ದು ಮಾರ್ಚ್ 11ರಂದು, ರಾಣಿಯ ಕಣ್ಣೆದುರಿನಲ್ಲಿ. ಬ್ರಿಟನ್ನು ಯುದ್ಧ ಸಾರಿದ್ದು ಮಾರ್ಚ್ 28ರಂದು! ಅಪ್ಪ ಮನೆ ಬಿಟ್ಟ ಬೆಳಗ್ಗೆ ಆ ಹುಡುಗಿಯ ಊರಿನಲ್ಲಿ ಯುದ್ಧವೆಂಬುದೇ ಇನ್ನೂ ಇರಲಿಲ್ಲ.

ಆದರೆ ವೃದ್ಧರ ಮುಖ ಅರಳಲಿಲ್ಲ. "ಹಡಗಿನಿಂದಲೂ ಓಡಿಹೋಗಬಹುದಲ್ಲ," ಎಂದರು. ನಿಜವೇ. ಎಷ್ಟೋ ಮಂದಿ ಹಾಗೆ ಮಾಡುತ್ತಿದ್ದರು.

ಹಡಗಿನ ಹಾಜರಿ ಪುಸ್ತಕವನ್ನು ತರಿಸಿದೆವು. ಹಲಗೆಯಷ್ಟು ಅಗಲವಾದ ಹಾಳೆಗಳು. ನನ್ನಂಥ ಲೆಕ್ಕದವನಿಗೆ ಅದೊಂದು ಹಬ್ಬ. ಬಂದ ದಿನ, ವಯಸ್ಸು, ಹುಟ್ಟಿದ ಊರು, ಬಟ್ಟೆಯ ಬಾಬ್ತು ಮುರಿದದ್ದು, ಹೊಗೆಸೊಪ್ಪಿನ ಬಾಬ್ತು ಮುರಿದದ್ದು, ಎಲ್ಲಕ್ಕೂ ಕಾಲಮು. ಒಂದು ಕಾಲಮಿನಲ್ಲಿ ಮಾತ್ರ ಬರಿಯ ಅಕ್ಷರಗಳು. ಇಂಗ್ಲಿಷಿನ 'ಡಿ' ಎಂದಿದ್ದರೆ ಹಡಗಿನಿಂದ ಬಿಡುಗಡೆಯಾದವನು ಅಥವಾ ಬೇರೆಡೆಗೆ ಹೋದವನು. 'ಆರ್' ಎಂದಿದ್ದರೆ ಓಡಿಹೋದವನು. ಅವನ ಬಾಕಿ ಸಂಬಳ ಸರಕಾರಕ್ಕೆ ಮುಟ್ಟುಗೋಲು. 'ಡಿ. ಡಿ.' ಎಂದು ಜೋಡಿಯಾಗಿದ್ದರೆ ಬಿಡುಗಡೆಯಾದದ್ದು ಪ್ರಾಣದಿಂದ. ಒಬ್ಬ ಮನುಷ್ಯನ ಕಥೆಯ ಕೊನೆಯನ್ನು ಆ ಗುಮಾಸ್ತ ಇಷ್ಟರಲ್ಲಿ ಮುಗಿಸುತ್ತಿದ್ದ.

ಹಾಳೆಗಳನ್ನು ನಾನು ಮಗುಚುತ್ತಿದ್ದೆ. ಪಕ್ಕದಲ್ಲಿ ಕುಳಿತ ವೃದ್ಧರು ಪುಸ್ತಕವನ್ನು ನೋಡದೆ ಕಿಟಕಿಯ ಕಡೆ ನೋಡುತ್ತಿದ್ದರು. ಹೆಸರು ಸಿಕ್ಕಿತು. ಡೆವನ್, ಮೂವತ್ತೊಂಬತ್ತು, ಕೋಸ್ಟ್ ಗಾರ್ಡಿನಿಂದ ಬಂದವನು. ಸಂಬಳದ ಒಂದು ಭಾಗವನ್ನು ಊರಿನಲ್ಲಿದ್ದ ಹೆಂಡತಿಗೆ ಕೊಡಿಸುವ ಏರ್ಪಾಟು ಮಾಡಿದ್ದ. ಅದೇ ಸಾಲಿನ ಮೇಲೆ ಬೆರಳಿಟ್ಟುಕೊಂಡು ಬಲಕ್ಕೆ ಸರಿದೆ. ಎರಡು ಅಕ್ಷರಗಳಿದ್ದವು. ಡಿ. ಡಿ. ದಿನಾಂಕ 1854ರ ಆಗಸ್ಟ್ ತಿಂಗಳಿನದು.

"ಇನ್ನೊಮ್ಮೆ ಓದಿ," ಎಂದರು. ಓದಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು ತಾವೇ ಪುಸ್ತಕದ ಮೇಲೆ ಬಾಗಿ, ಬಹಳ ಹೊತ್ತು ನೋಡಿದರು.

ಮರುದಿನ ಅದೇ ಹಡಗಿನ ದಿನಚರಿ ಪುಸ್ತಕವನ್ನು ನೋಡಿದೆವು. ಗಾಳಿ ಯಾವ ದಿಕ್ಕು, ಹಾಯಿ ಎಷ್ಟು, ಎಷ್ಟು ಮಂದಿ ರೋಗಿಗಳು ಎಂಬುದೆಲ್ಲ ಗಂಟೆಗಂಟೆಗೆ ಬರೆದಿತ್ತು. ಆ ಬೇಸಗೆ ಬಾಲ್ಟಿಕ್ ಪಡೆಯಲ್ಲಿ ಕಾಲರಾ ಹಬ್ಬಿತ್ತು. ಓಲಂಡ್ ದ್ವೀಪಗಳಲ್ಲಿ ರಷ್ಯನರ ಬೊಮರ್‌ಸುಂಡ್ ಕೋಟೆ ಆಗಸ್ಟ್ 16ರಂದು ಶರಣಾಯಿತು; ಪತ್ರಿಕೆಗಳು ಆ ಜಯವನ್ನು ಕೊಂಡಾಡಿದವು. ರೋಗದಿಂದ ಸತ್ತವರಿಗೆ ದಿನಚರಿಯಲ್ಲಿ ಸಿಕ್ಕಿದ್ದು ಒಂದೊಂದು ಸಾಲು: ಇಂಥವನ ದೇಹವನ್ನು ಸಮುದ್ರಕ್ಕೆ ಒಪ್ಪಿಸಲಾಯಿತು. ಕಾಲರಾ ಹರಡುವುದು ನೀರಿನಿಂದ ಎಂದು ವೈದ್ಯ ಜಾನ್ ಸ್ನೋ ವಾದಿಸಿ, ಲಂಡನ್ನಿನ ಬ್ರಾಡ್ ಬೀದಿಯ ಪಂಪಿನ ಹಿಡಿಯನ್ನು ಕಳಚಿಸಿದ್ದು ಅದೇ ವರ್ಷದ ಸೆಪ್ಟೆಂಬರ್ 8ರಂದು. ನಮ್ಮವನು ಸತ್ತ ಕೆಲವೇ ದಿನಗಳ ಮೇಲೆ.

ನನ್ನ ಲೆಕ್ಕದ ಬುದ್ಧಿ ಸುಮ್ಮನಿರಲಿಲ್ಲ. ಸತ್ತವನ ಬಾಕಿ ಸಂಬಳ ಯಾರಿಗೆ ಸಂದಿತು? ವಿಚಾರಿಸಿದಾಗ ಅದಕ್ಕೂ ಪ್ರತ್ಯೇಕ ಕಾಗದಗಳಿವೆಯೆಂದು ತಿಳಿಯಿತು. 1800ರಿಂದ 1860ರವರೆಗೆ ಕೆಲಸದಲ್ಲಿರುವಾಗ ಮಡಿದ ನಾವಿಕರ ಬಂಧುಗಳು ಹಣಕ್ಕಾಗಿ ಸಲ್ಲಿಸಿದ ಅರ್ಜಿಗಳು. ಹಡಗಿನಲ್ಲಿ ಒಬ್ಬನು ಸತ್ತರೆ ಅವನ ಬಟ್ಟೆಬರೆಗಳನ್ನು ಜೊತೆಯವರ ನಡುವೆ ಹರಾಜು ಹಾಕಿ, ಬಂದದ್ದನ್ನು ಅವನ ಲೆಕ್ಕಕ್ಕೆ ಜಮಾ ಮಾಡುವ ಪದ್ಧತಿಯಿತ್ತು.

ಅರ್ಜಿ ಸಿಕ್ಕಿತು. ಮಡಿಸಿದ ಎರಡು ಹಾಳೆ. ಮದುವೆಯ ಪುರಾವೆ ಲಗತ್ತಿಸಿದೆ. ಇವಳು ಇಂಥವನ ಧರ್ಮಪತ್ನಿಯೆಂದು ಪಾದ್ರಿಯ ಸಾಕ್ಷಿ ಇದೆ. ಕೆಳಗೆ ಅವಳ ರುಜು ಇರಬೇಕಾದ ಕಡೆ ಒಂದು ಅಡ್ಡಗೆರೆ, ಒಂದು ಉದ್ದಗೆರೆ. ಓದುಬರಹ ಬಾರದವಳು. ಲೇಖನಿಯನ್ನು ಬಲವಾಗಿ ಒತ್ತಿದ್ದರಿಂದ ಶಾಯಿ ಹರಡಿಕೊಂಡಿತ್ತು.

ಹಾಗಾದರೆ ಹೆಂಡತಿಗೆ ಗೊತ್ತಿತ್ತು! ಮತ್ತೆ ಈ 'ಓಡಿಹೋದ' ಎಂಬ ಮಾತು ಎಲ್ಲಿಂದ ಬಂದಿತು? ನಾವಿಬ್ಬರೂ ರೈಲಿನಲ್ಲಿ ಇದನ್ನೇ ಯೋಚಿಸಿದೆವು. ಗಂಡ ಸತ್ತ ಮೇಲೆ ಆಕೆ ಸರಕಾರದ ಮನೆಯನ್ನು ಬಿಡಬೇಕಾಯಿತು; ಎರಡು ವರ್ಷ ಕಳೆದ ಮೇಲೆ ಇನ್ನೊಬ್ಬನನ್ನು ಮದುವೆಯಾದಳು. ಹೊಸ ಮನೆಯಲ್ಲಿ ಹಳೆಯವನ ಮಾತು ಬೇಡವಾಗಿದ್ದೀತು. ಹುಡುಗಿಯ ಪಾಲಿಗೆ ಉಳಿದದ್ದು ಅವಳು ಕಣ್ಣಾರೆ ಕಂಡದ್ದು ಮಾತ್ರ: ಅಪ್ಪ ಹೋದ, ಬರಲಿಲ್ಲ. ಅದು ಇನ್ನೊಂದು ಬಾಯಿಗೆ ಬಂದಾಗ 'ಓಡಿ' ಎಂಬ ಎರಡು ಅಕ್ಷರ ಸೇರಿಕೊಂಡಿರಬೇಕು. ನಮ್ಮ ಕನ್ನಡದಲ್ಲಿ ಮನೆ ಬಿಟ್ಟು ನಡೆದವನಿಗೂ 'ಹೋದ' ಎನ್ನುತ್ತೇವೆ, ಪ್ರಾಣ ಬಿಟ್ಟವನಿಗೂ 'ಹೋದ' ಎನ್ನುತ್ತೇವೆ ಎಂದು ನಾನು ಅವರಿಗೆ ವಿವರಿಸಿದೆ. ಅವರು ಆ ಶಬ್ದವನ್ನು ಎರಡು ಮೂರು ಸಲ ಹೇಳಿ ಕಲಿತುಕೊಂಡರು.

ಮೂರು ಕಾಗದಗಳ ಪ್ರತಿಯನ್ನೂ ವೃದ್ಧರು ಕೆನಡಾಕ್ಕೆ ಅಂಚೆಯಲ್ಲಿ ಕಳುಹಿಸಿದರು. ಜೊತೆಗೆ ಏನು ಬರೆಯಬೇಕೆಂದು ಮೂರು ದಿನ ಯೋಚಿಸಿ, ಕೊನೆಗೆ ಏನನ್ನೂ ಬರೆಯಲಿಲ್ಲ. ಹದಿನೈದು ದಿನ ಯಾವ ಸುದ್ದಿಯೂ ಇಲ್ಲ. ಒಂದು ಭಾನುವಾರ ನಾವು ಅವರ ಮನೆಯಲ್ಲಿ ಚಹಾ ಕುಡಿಯುತ್ತಿದ್ದಾಗ ಟೆಲಿಫೋನು ಹೊಡೆದುಕೊಂಡಿತು. ಅವರು ಎತ್ತಿ, ಯಾರೆಂದು ಕೇಳಿ, ಪಕ್ಕದ ಕುರ್ಚಿಯನ್ನು ಎಳೆದುಕೊಂಡು ಕುಳಿತರು. ನಾವು ಸದ್ದಿಲ್ಲದೆ ಎದ್ದು ಬಂದೆವು. ತಮ್ಮ ಆಡಿದ ಮೊದಲ ಮಾತನ್ನು ಅವರು ಮಾರನೆಯ ದಿನ ನಗುತ್ತ ಹೇಳಿದರು: "ಹಾಗಾದರೆ ಅಣ್ಣಾ, ಓಡಿಬಂದದ್ದು ಪೂರಾ ನನ್ನ ಸ್ವಂತ ತಪ್ಪೇ ಆಯಿತಲ್ಲ! ಅಜ್ಜನ ಮೇಲೆ ಹಾಕುವ ಹಾಗೂ ಇಲ್ಲ."

ವಾಚಕರಲ್ಲಿಯೂ ನೌಕಾದಳದಲ್ಲಿಯೋ ಸೈನ್ಯದಲ್ಲಿಯೋ ರೈಲ್ವೆಯಲ್ಲಿಯೋ ದುಡಿದ ಹಿರಿಯರಿದ್ದ ಮನೆಗಳು ಎಷ್ಟೋ ಇರಬಹುದು. ಸ್ವಾತಂತ್ರ್ಯಕ್ಕೆ ಹಿಂದಿನ ಎಷ್ಟೋ ಕಾಗದಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ಇಂಡಿಯಾ ಆಫೀಸಿನ ದಾಖಲೆಗಳಲ್ಲಿ ಇವೆ. ಆದರೆ ಅಷ್ಟು ದೂರ ಹೋಗುವ ಮೊದಲು ಮನೆಯ ಟ್ರಂಕನ್ನು ತೆಗೆದು ನೋಡಬೇಕು. ಪಿಂಚಣಿಯ ಪುಸ್ತಕ, ವರ್ಗಾವಣೆಯ ಹುಕುಂ, ಮದುವೆಯ ಕರೆಯೋಲೆ, ಇಂಥವುಗಳಲ್ಲಿ ಒಂದು ಹೆಸರು, ಒಂದು ಊರು, ಒಂದು ಇಸವಿ ಸಿಕ್ಕಿದರೆ ಸಾಕು. ಮುಂದಿನ ಪುಸ್ತಕ ಯಾವುದೆಂದು ಅದೇ ತೋರಿಸುತ್ತದೆ. ಕೇಳಿ ತಿಳಿಯುವುದಕ್ಕೆ ಮನೆಯಲ್ಲಿ ಹಿರಿಯರಿದ್ದರೆ ಇಂದೇ ಕೇಳಬೇಕು.

ಬೆಂಗಳೂರಿಗೆ ಮರಳಿದ ವಾರವೇ, ಎಲ್ಲಕ್ಕೂ ಮೊದಲು ಪ್ರಶ್ನೆ ಹಾಕಿದ್ದ ನನ್ನಾಕೆ ಅಟ್ಟದಿಂದ ಹಳೆಯ ಪೆಟ್ಟಿಗೆಯನ್ನು ಇಳಿಸಿದಳು. ಅಂಚು ಮುರಿದ ಒಂದು ಪಟವನ್ನು ಸೆರಗಿನಿಂದ ಒರೆಸಿ ನನ್ನ ಮುಂದೆ ಹಿಡಿದು, "ಬಲಗಡೆ ನಿಂತವರು ನಿಮ್ಮ ಸೋದರತ್ತೆಯಲ್ಲವೇ? ಮೊದಲು ಹಿಂದೆ ಹೆಸರು ಬರೆಯಿರಿ," ಎಂದಳು.